ಇಪ್ಪತ್ತು ಆಂಪಿಯರಿನ ಮಗ

ಹರಿಹರನಿಗೆ ಜಪಾನೀಸ್ ಚೆನ್ನಾಗಿ ಬರುತ್ತದೆ ಎಂಬುದು ಜಪಾನಿನ ಇಚಿಕಾವಾ ಊರಿನ ಕನ್ನಡಿಗರೆಲ್ಲ ಒಪ್ಪಿಕೊಂಡ ವಿಷಯ. ಎಲ್ಲರೂ ಎಂದರೆ ಹರಿಹರನೊಬ್ಬನನ್ನು ಬಿಟ್ಟು. ನಿಜ ಏನೆಂದು ಗೊತ್ತಿದ್ದವನು ಅವನೊಬ್ಬನೇ.

ಆರು ವರ್ಷದ ಹಿಂದೆ, ಬಂದ ಹೊಸದರಲ್ಲಿ, ಸ್ನೇಹಿತ ರಾಮಪ್ರಸಾದನ ಮನೆಗೆ ಬಂದಿದ್ದ ನೋಟಿಸೊಂದನ್ನು ನೋಡಿ "ಇದು ಗ್ಯಾಸ್ ಚೆಕಿಂಗ್ ಬಗ್ಗೆ" ಎಂದುಬಿಟ್ಟಿದ್ದ. ಅದು ನಿಜವೇ ಆಗಿತ್ತು. ನೋಟಿಸಿನ ಮೂಲೆಯಲ್ಲಿ ಗ್ಯಾಸ್ ಒಲೆಯ ಚಿತ್ರವಿದ್ದದ್ದನ್ನು ಬೇರೆ ಯಾರೂ ಗಮನಿಸಿರಲಿಲ್ಲ. ಅಂದಿನಿಂದ ಯಾರ ಮನೆಗೆ ಯಾವ ಸರಕಾರಿ ಕಾಗದ ಬಂದರೂ ಅದು ಹರಿಹರನ ಕೈಗೆ ಬರತೊಡಗಿತು. ಹರಿಹರ ಕಾಗದವನ್ನು ಹುಬ್ಬು ಗಂಟಿಕ್ಕಿ ನೋಡುತ್ತಿದ್ದ. ಆಮೇಲೆ "ಒಂದ್ನಿಮಿಷ, ಬಾತ್‌ರೂಮಿಗೆ ಹೋಗ್ಬರ್ತೀನಿ" ಎಂದು ಕಾಗದದ ಸಮೇತ ಒಳಗೆ ಹೋಗಿ, ಫೋನಿನ ಕ್ಯಾಮೆರಾವನ್ನು ಅದಕ್ಕೆ ಹಿಡಿದು, ಫೋನು ಇಂಗ್ಲಿಷಿಗೆ ತಿರುಗಿಸಿ ತೋರಿಸಿದ್ದನ್ನು ಓದಿಕೊಂಡು, ಫ್ಲಶ್ ಮಾಡಿ ಹೊರಗೆ ಬರುತ್ತಿದ್ದ. ಫ್ಲಶ್ ಮಾಡುವುದನ್ನು ಒಂದು ಸಲವೂ ಮರೆತವನಲ್ಲ. ಮೋಸಕ್ಕೂ ಒಂದು ಶಿಸ್ತು ಬೇಕು.

ಜೂನ್ ತಿಂಗಳ ಒಂದು ಬೆಳಿಗ್ಗೆ, ತೋಝಾಯ್ ಲೈನಿನ ರೈಲಿನಲ್ಲಿ ಇನ್ನೊಬ್ಬರ ಮೊಣಕೈಗಳ ನಡುವೆ ನೇತಾಡುತ್ತಿದ್ದಾಗ, ಸಹೋದ್ಯೋಗಿ ಮಧುಕರ್ ವಿಷಯ ತೆಗೆದ.

"ಹರಿ ಸರ್, ನಾನು ಕರೆಂಟ್ ಕಂಪನಿ ಚೇಂಜ್ ಮಾಡ್ದೆ. ತಿಂಗಳಿಗೆ ಎರಡು ಸಾವಿರ ಯೆನ್ ಉಳಿತಾಯ. ಮೇಲೆ ಐದು ಕೇಜಿ ಅಕ್ಕಿ ಗಿಫ್ಟು."

"ಗೊತ್ತು, ಗೊತ್ತು," ಎಂದ ಹರಿಹರ. ಅವನಿಗೆ ಗೊತ್ತಿರಲಿಲ್ಲ. "ನಾನೂ ಇದೇ ವಾರ ಮಾಡ್ತಿದೀನಿ. ಆಂಪಿಯರ್ ಕೂಡ ಇಳಿಸ್ತಿದೀನಿ. ನೀವು ಇಳಿಸಿದ್ರಾ?"

ಮಧುಕರ್ ಇಳಿಸಿರಲಿಲ್ಲ. ಹರಿಹರ ಅಲ್ಲೇ ಗೆದ್ದ.

ಜಪಾನಿನ ಈ ಆಂಪಿಯರ್ ವಿಷಯ ಸರಳವಾದದ್ದು. ಒಂದು ಮನೆ ಒಂದೇ ಸಲಕ್ಕೆ ಎಷ್ಟು ಕರೆಂಟು ಎಳೆಯಬಹುದು ಎಂಬುದಕ್ಕೆ ಒಂದು ಮಿತಿ ಇರುತ್ತದೆ. ಮಿತಿ ದೊಡ್ಡದಾದರೆ ತಿಂಗಳ ಶುಲ್ಕವೂ ದೊಡ್ಡದು. ಮೀರಿದರೆ ಬಾಗಿಲ ಮೇಲಿನ ಪೆಟ್ಟಿಗೆಯಲ್ಲಿರುವ ಬ್ರೇಕರು ಠಕ್ಕೆಂದು ಬಿದ್ದು ಇಡೀ ಮನೆ ಆರಿಹೋಗುತ್ತದೆ. ಹರಿಹರನ ಮನೆಗೆ ನಲವತ್ತು ಆಂಪಿಯರ್ ಇತ್ತು. ಅವನು ಇಪ್ಪತ್ತಕ್ಕೆ ಇಳಿಸಲು ನಿಶ್ಚಯಿಸಿದ.

ಅರ್ಜಿಗೆ ಹಳೆಯ ಬಿಲ್ಲಿನ ಚೀಟಿಯಲ್ಲಿರುವ ಇಪ್ಪತ್ತೆರಡು ಅಂಕಿಯ ಸಂಖ್ಯೆ ಬೇಕಿತ್ತು. ಚೀಟಿ ಮನೆಯಲ್ಲಿ ಎಲ್ಲೂ ಸಿಗಲಿಲ್ಲ. ಸಂಜೆ ಕಸ ಹಾಕಿ ಬರುವಾಗ ನೋಡಿದರೆ, ತಮ್ಮ 406ನೇ ಮನೆಯ ಬಾಗಿಲ ಮುಂದೆಯೇ ಅಂಥ ಒಂದು ಚೀಟಿ ಬಿದ್ದಿತ್ತು. ಅದು ಪಕ್ಕದ 405ನೇ ಮನೆಯ ಅಜ್ಜನ ಕಾಗದದ ಕಟ್ಟಿನಿಂದ ಗಾಳಿಗೆ ಹಾರಿಬಂದದ್ದು. ಅದು ನಮಗೆ ಗೊತ್ತು, ಹರಿಹರನಿಗೆ ಗೊತ್ತಿರಲಿಲ್ಲ. ಬೇಕಾದ ವಸ್ತು ಬೇಕಾದ ಹೊತ್ತಿಗೆ ಕಾಲ ಬಳಿ ಬಂದು ಬಿದ್ದರೆ ಯಾರೂ ಅದರ ಜಾತಕ ಕೇಳುವುದಿಲ್ಲ.

"ರೀ, ಇದು ನಮ್ಮದಾ?" ಎಂದಳು ಹೆಂಡತಿ ಉಷಾ. ಅವಳು ಸೂಪರ್ ಮಾರ್ಕೆಟ್ಟಿನಲ್ಲೂ ಮಗಳ ಶಾಲೆಯಲ್ಲೂ ಮಾತಾಡಿ ಮಾತಾಡಿ ಜಪಾನೀಸ್ ಕಲಿತಿದ್ದಳು, ಓದಲು ಮಾತ್ರ ಹೆಚ್ಚು ಬರುತ್ತಿರಲಿಲ್ಲ. "ನಮ್ಮ ಹೆಸರು ಉದ್ದಕ್ಕೆ ಬರ್ತಿತ್ತಲ್ಲ. ಇಲ್ಲಿ ಎರಡೇ ಅಕ್ಷರ ಇದೆ."

"ಅದು ಕಾಂಜಿ, ಇವರ ಚಿತ್ರಲಿಪಿ. ಆರು ವರ್ಷ ಆಯ್ತಲ್ಲ, ಮರ್ಯಾದೆ ಕೊಟ್ಟು ಕಾಂಜೀಲಿ ಬರ್ದಿದಾರೆ."

ಆ ಎರಡು ಅಕ್ಷರಗಳನ್ನು ಹರಿಹರ ರಂಗೋಲಿ ನಕಲು ಮಾಡಿದಂತೆ ಗೆರೆಗೆ ಗೆರೆ ಅರ್ಜಿಯಲ್ಲಿ ಇಳಿಸಿದ. ನೋಡನೋಡುತ್ತ ಅವು ಅವನಿಗೆ ಬಹಳ ಹಿಡಿಸಿದವು. ನೂರು ಯೆನ್ ಅಂಗಡಿಯಲ್ಲಿ ಒಂದು ಫಲಕ ತಂದು, ಅದರ ಮೇಲೆ ಕಪ್ಪು ಮಸಿಯಲ್ಲಿ ಅವನ್ನೇ ಬರೆದು, ಮನೆಯ ಬಾಗಿಲಿಗೆ ಅಂಟಿಸಿದ.

ಮೂರನೇ ತರಗತಿಯ ಮಗಳು ಅನು ಶಾಲೆಯಿಂದ ಬಂದು ನೋಡಿದಳು. "ಅಪ್ಪಾ, ದಟ್ ಸೇಸ್ ನಿಶಿಮುರಾ."

"ಒಂದೊಂದು ಕಾಂಜಿಗೆ ಹತ್ತು ಹತ್ತು ಓದು ಇರುತ್ತೆ, ಪುಟ್ಟಿ. ನೀನಿನ್ನೂ ಮೂರನೇ ಕ್ಲಾಸು."

ಮೂರು ತಿಂಗಳಿಗೆಂದು ಮೈಸೂರಿನಿಂದ ಬಂದಿದ್ದ ಅತ್ತೆ ವಿಶಾಲಾಕ್ಷಮ್ಮ ಅಳಿಯನ ವಿದ್ವತ್ತಿಗೆ ತಲೆದೂಗಿದರು. ಅವರಿಗೆ ಅನುಮಾನ ಇದ್ದದ್ದು ಒಂದೇ ವಿಷಯದಲ್ಲಿ. "ಅಕ್ಕಿ ಯಾವಾಗ ಬರುತ್ತೆ, ಅಳಿಯಂದ್ರೇ?"

ಎರಡು ದಿನದ ಮೇಲೆ ಹೊಸ ಕಂಪನಿಯಿಂದ ಫೋನು ಬಂತು. ಫೋನಿನ ಮಾತಿಗೆ ಕ್ಯಾಮೆರಾ ಹಿಡಿಯಲಾಗುವುದಿಲ್ಲ. ಹರಿಹರ ಎದ್ದು ನಿಂತು, ಗೋಡೆಗೆ ಬಗ್ಗುತ್ತ, ಆ ಕಡೆಯ ಹೆಣ್ಣುಮಗಳು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗಲೆಲ್ಲ "ಹಾಯ್" ಎಂದ. ಜಪಾನೀಸಿನಲ್ಲಿ ಹಾಯ್ ಎಂದರೆ ಹೌದು.

"ಇಲೆವೆನ್ ಟೈಮ್ಸ್," ಎಂದಳು ಲೆಕ್ಕ ಇಟ್ಟಿದ್ದ ಅನು.

ಜುಲೈ ಒಂದರಂದು ಬ್ರೇಕರ್ ಬದಲಾಯಿಸಲು ಕಂಪನಿಯ ಆಳು ಬರುತ್ತಾನೆಂದು ಹರಿಹರ ರಜೆ ಹಾಕಿ ಕೂತ. ಯಾರೂ ಬರಲಿಲ್ಲ. ಹತ್ತೂವರೆಗೆ ಬಾಗಿಲು ತೆಗೆದರೆ, ಸಮವಸ್ತ್ರದವನೊಬ್ಬ ಪಕ್ಕದ ಮನೆಯಿಂದ ಚಹಾ ಕುಡಿದ ಮುಖದಲ್ಲಿ ಹೊರಗೆ ಬರುತ್ತಿದ್ದ.

"ಮುಗೀತಾ?" ಎಂದು ಹರಿಹರ ತನಗೆ ಬರುತ್ತಿದ್ದ ಕೆಲವೇ ಜಪಾನೀಸ್ ಪದಗಳಲ್ಲೊಂದನ್ನು ಬಳಸಿ ಕೇಳಿದ.

"ಮುಗಿಯಿತು," ಎಂದು ಆತ ಬಗ್ಗಿ ಹೊರಟುಹೋದ.

"ನೋಡಿದ್ಯಾ?" ಎಂದ ಹರಿಹರ ಉಷಾಗೆ. "ಮನೆ ಒಳಗೇ ಬರ್ಲಿಲ್ಲ. ನಮ್ಮದು ಹೊರಗಿಂದಾನೇ ಮುಗ್ಸಿದ. ಟೆಕ್ನಾಲಜಿ. ಪಕ್ಕದ ಅಜ್ಜನೂ ನನ್ನ ನೋಡಿ ಚೇಂಜ್ ಮಾಡ್ಕೊಂಡಿದಾರೆ ಅನ್ಸುತ್ತೆ."

ಅಂದಿನಿಂದ ಆ ಮನೆಯಲ್ಲಿ ಇಪ್ಪತ್ತು ಆಂಪಿಯರಿನ ಆಡಳಿತ ಶುರುವಾಯಿತು. ಹರಿಹರ ಆಫೀಸಿನ ಪ್ರಾಜೆಕ್ಟಿಗೂ ಹಾಕದಷ್ಟು ಶ್ರದ್ಧೆ ಹಾಕಿ ವೇಳಾಪಟ್ಟಿ ಮಾಡಿ ಫ್ರಿಜ್ಜಿಗೆ ಅಂಟಿಸಿದ. ರೈಸ್ ಕುಕ್ಕರು ಇರುವಾಗ ಮೈಕ್ರೋವೇವ್ ಇಲ್ಲ. ಎ.ಸಿ. ಇರುವಾಗ ಇಸ್ತ್ರಿ ಇಲ್ಲ. ಗ್ರೈಂಡರ್ ತಿರುಗುವಾಗ ಯಾರೂ ತಲೆಕೂದಲು ಒಣಗಿಸುವಂತಿಲ್ಲ. ಫೋನ್ ಚಾರ್ಜಿಂಗು ರಾತ್ರಿ ಎಂಟಕ್ಕೆ ಮಾತ್ರ. ಒಂದು ಯಂತ್ರ ನಿಂತಿತೆಂದು ಇನ್ನೊಂದಕ್ಕೆ ತಿಳಿಸಲು ವಿಶಾಲಾಕ್ಷಮ್ಮ ದೇವರ ಮನೆಯ ಗಂಟೆ ಹಿಡಿದು ಹಜಾರದಲ್ಲಿ ಕೂರಬೇಕು.

"ನಮ್ಮೂರಲ್ಲಿ ಕರೆಂಟು ಅವರಾಗಿ ತೆಗೀತಾರಪ್ಪ," ಎಂದರು ವಿಶಾಲಾಕ್ಷಮ್ಮ. "ಅರ್ಜಿ ಹಾಕಿ ತೆಗೆಸ್ಕೊಂಡಿದ್ದು ನಾನು ಇಲ್ಲೇ ನೋಡಿದ್ದು."

ಆದರೆ ಮನೆಯ ಬ್ರೇಕರು ಒಂದು ಸಲವೂ ಬೀಳಲಿಲ್ಲ. ಅದು ನಲವತ್ತು ಆಂಪಿಯರಿನ ಹಳೆಯ ಬ್ರೇಕರು, ಬೀಳಲು ಅದಕ್ಕೆ ಕಾರಣವೂ ಇರಲಿಲ್ಲ. ಹರಿಹರ ಅದನ್ನು ತನ್ನ ಯೋಜನೆಯ ಜಯವೆಂದು ತಿಳಿದ.

ಬಿದ್ದದ್ದು ಪಕ್ಕದ ಮನೆಯಲ್ಲಿ.

ಪಕ್ಕದ ಅಜ್ಜನಿಗೆ ಎಪ್ಪತ್ತೆಂಟು ವರ್ಷ, ಒಂಟಿ ಜೀವ. ನಲವತ್ತು ವರ್ಷ ರೈಲು ಓಡಿಸಿ ನಿವೃತ್ತರಾದವರು. ಈಗಲೂ ಬಾಗಿಲಿಗೆ ಬೀಗ ಹಾಕಿದರೆ ಅದನ್ನು ಬೆರಳು ಮಾಡಿ ತೋರಿಸಿ "ಸರಿಯಿದೆ" ಎಂದು ಗಟ್ಟಿಯಾಗಿ ಹೇಳಿಕೊಂಡೇ ಹೊರಡುತ್ತಿದ್ದರು. ಎದುರು ಸಿಕ್ಕರೆ ಬಗ್ಗುವುದು, ಮಳೆ ಬಂದರೆ ಮಳೆ ಬಂತೆನ್ನುವುದು, ಆರು ವರ್ಷದಲ್ಲಿ ನಡೆದ ಮಾತುಕತೆ ಇಷ್ಟೇ. ಅವರ ಬಾಗಿಲ ಮೇಲೆ ಹೆಸರಿರಲಿಲ್ಲ, ಇವರು ಕೇಳಿರಲೂ ಇಲ್ಲ. ಓಜೀಸಾನ್ ಎಂದರೆ ಅಜ್ಜ. ಅದು ಸಾಕಾಗಿತ್ತು.

ಜುಲೈ ಎರಡರ ಬೆಳಿಗ್ಗೆ ಆರು ನಲವತ್ತಕ್ಕೆ ಗೋಡೆಯ ಆಚೆ "ಠಕ್" ಎಂದಿತು. ಹಿಂದೆಯೇ "ಆರೆ?" ಎಂಬ ಅಚ್ಚರಿಯ ದನಿ. ಸ್ವಲ್ಪ ಹೊತ್ತಿಗೆ ಬಾಗಿಲು ತಟ್ಟಿದ ಸದ್ದಾಯಿತು. ಅಜ್ಜ ನಿಂತಿದ್ದರು.

"ಸುಮಿಮಾಸೆನ್," ಎಂದು ಕ್ಷಮೆ ಕೇಳಿ, ತಮ್ಮ ಬಾಗಿಲ ಮೇಲಿನ ಪೆಟ್ಟಿಗೆಯನ್ನೂ ತಮ್ಮ ಬಲಭುಜವನ್ನೂ ತೋರಿಸಿದರು. ಭುಜ ಮೇಲೇಳುತ್ತಿರಲಿಲ್ಲ. ಹರಿಹರ ಎತ್ತರದ ಆಳು. ಹೋಗಿ ಒಂದೇ ಬೆರಳಲ್ಲಿ ಬ್ರೇಕರನ್ನು ಮೇಲಕ್ಕೆ ತಳ್ಳಿದ. ದೀಪ ಬಂತು. ಅಜ್ಜ ಮೂರು ಸಲ ಬಗ್ಗಿದರು.

"ಪಾಪ, ಪ್ಲಾನಿಂಗ್ ಇಲ್ಲ," ಎಂದು ಹರಿಹರ ಮನೆಗೆ ಬಂದು ಹೇಳಿದ. "ಕುಕ್ಕರ್ ಹನ್ನೆರಡು, ಮೈಕ್ರೋವೇವ್ ಹದಿಮೂರು. ಎರಡೂ ಒಟ್ಟಿಗೆ ಹಾಕಿದಾರೆ."

ಮರುದಿನವೂ ಆರು ನಲವತ್ತು, ಠಕ್, ಆರೆ. ಅದರ ಮರುದಿನವೂ. ರೈಲು ಓಡಿಸಿದವರಲ್ಲವೇ, ಒಂದು ನಿಮಿಷ ಆಚೀಚೆ ಇಲ್ಲ. ಅಜ್ಜನ ಅನ್ನ ಅರ್ಧ ಬೆಂದು ನಿಂತಿರಬೇಕೆಂದು ವಿಶಾಲಾಕ್ಷಮ್ಮ ಇಡ್ಲಿ ಕಳಿಸಿದರು. ಆಮೇಲೆ ಅಜ್ಜನೇ ಬಂದು ಕೂತು ಇಡ್ಲಿ ತಿಂದು ಕಾಫಿ ಕುಡಿದು ಹೋಗುವುದು ರೂಢಿಯಾಯಿತು. ವಿಶಾಲಾಕ್ಷಮ್ಮ ಕನ್ನಡದಲ್ಲಿ ತಮ್ಮ ಮಂಡಿನೋವಿನ ವಿಷಯ ಹೇಳುತ್ತಿದ್ದರು, ಅಜ್ಜ ಜಪಾನೀಸಿನಲ್ಲಿ ಭುಜದ ವಿಷಯ ಹೇಳುತ್ತಿದ್ದರು. ಇಬ್ಬರಿಗೂ ಸಂಪೂರ್ಣ ಅರ್ಥವಾಗುತ್ತಿತ್ತು. ಹರಿಹರನ ಜೊತೆಗೂ ಅಜ್ಜ ಒಂದಿಷ್ಟು ಮಾತಾಡುತ್ತಿದ್ದರು. ಹರಿಹರ ಎಲ್ಲದಕ್ಕೂ ಹಾಯ್ ಎನ್ನುತ್ತಿದ್ದ. ಹೊರಡುವಾಗ ಅಜ್ಜ ಬಾಗಿಲ ಫಲಕವನ್ನು ಒಂದು ಗಳಿಗೆ ದಿಟ್ಟಿಸಿ, ಅದಕ್ಕೂ ಬಗ್ಗಿ ಹೋಗುತ್ತಿದ್ದರು.

ಆಗಸ್ಟ್ ಮೊದಲಲ್ಲಿ ಹೊಸ ಕಂಪನಿಯ ಬಿಲ್ಲು ಹರಿಹರನ ಫೋನಿಗೆ ಬಂತು. ಮೂರು ಸಾವಿರದ ಒಂಬೈನೂರು ಯೆನ್. ಮೊದಲು ಹನ್ನೆರಡು ಸಾವಿರ ಬರುತ್ತಿತ್ತು. ಹರಿಹರ ಬಿಲ್ಲಿನ ಚಿತ್ರ ತೆಗೆದು ಕನ್ನಡಿಗರ ಗುಂಪಿಗೆ ಹಾಕಿದ. ಅರ್ಧ ಗಂಟೆಯಲ್ಲಿ ನಲವತ್ತು ಜನ ಕೈಮುಗಿದರು. ಬರುವ ಭಾನುವಾರ ಏಳು ಕುಟುಂಬಗಳು ಅವನ ಮನೆಗೆ ಬಂದು ಕಲಿತು, ಅಲ್ಲೇ ಅರ್ಜಿ ಹಾಕುವುದೆಂದು ತೀರ್ಮಾನವಾಯಿತು.

"ರೀ, ಬ್ಯಾಂಕಿಂದ ಹಳೇ ಕಂಪನಿಯವರೂ ದುಡ್ಡು ತಗೊಂಡಿದಾರಲ್ಲ?" ಎಂದಳು ಉಷಾ.

"ಅದು ಬೀಳ್ಕೊಡುಗೆ ಬಿಲ್ಲು. ಕೊನೇದು."

"ಅಕ್ಕಿ?" ಎಂದರು ವಿಶಾಲಾಕ್ಷಮ್ಮ.

"ದಾರೀಲಿರುತ್ತೆ, ಅತ್ತೆ."

ಶುಕ್ರವಾರ ಕಟ್ಟಡದ ಮೇಲ್ವಿಚಾರಕ ಓಗಾತಾ ಸಾನ್ ಒಂದು ದಪ್ಪ ರಿಜಿಸ್ಟರು ಹಿಡಿದು ಬಂದ. ಬಾಗಿಲ ಫಲಕಕ್ಕೆ ಬಗ್ಗಿ, ಉಷಾಗೆ ಬಗ್ಗಿ, ಅಭಿನಂದನೆ ಹೇಳಿದ. ಉಷಾ ಏಕೆಂದು ಕೇಳಿದಳು. ಅವನು ಹೇಳಿದ್ದನ್ನು ಕೇಳಿ ಅಲ್ಲೇ ಚಪ್ಪಲಿ ಗೂಡಿನ ಮೇಲೆ ಕೂತಳು. ಸಂಜೆ ಹರಿಹರ ಬಂದಾಗಲೂ ಅಲ್ಲೇ ಇದ್ದಳು.

"ರೀ, ಪಕ್ಕದ ಅಜ್ಜನ ಹೆಸರು ನಿಶಿಮುರಾ."

"ಸಂತೋಷ."

"ನಮ್ಮ ಬಾಗಿಲ ಮೇಲಿರೋದೂ ನಿಶಿಮುರಾ."

ಹರಿಹರ ಶೂ ಬಿಚ್ಚುವುದನ್ನು ನಿಲ್ಲಿಸಿದ. "ಕಾಮನ್ ಹೆಸರು, ಉಷಾ. ನಮಗೂ ಅದನ್ನೇ ಕೊಟ್ಟಿರ್ತಾರೆ."

"ಇಲ್ಲಿ ಮಕ್ಕಳಿಲ್ದೋರು ವಂಶದ ಹೆಸರು ಉಳೀಲಿ ಅಂತ ದೊಡ್ಡ ದೊಡ್ಡ ಗಂಡಸರನ್ನೇ ದತ್ತು ತಗೋತಾರಂತೆ. ನಲವತ್ತು ವರ್ಷದೋರಾದ್ರೂ ಪರವಾಗಿಲ್ವಂತೆ. ನೀವು ಅವರ ಹೆಸರು ಹಾಕ್ಕೊಂಡ್ರಿ. ದಿನಾ ಬೆಳಿಗ್ಗೆ ಹೋಗಿ ನೋಡ್ಕೋತೀರಿ, ಊಟ ಹಾಕ್ತೀರಿ. ಬ್ರೇಕರ್ ಹಾಕೋಕೆ ಬಂದೋನು ಹೇಳಿದ್ನಂತೆ, ಚಿಕ್ಕ ನಿಶಿಮುರಾ ಅವ್ರೇ ಫೋನಲ್ಲಿ ಮಾತಾಡಿ ಅವರ ಕರೆಂಟಿನ ವ್ಯವಸ್ಥೆ ಮಾಡಿದಾರೆ ಅಂತ. ಓಗಾತಾ ಸಾನ್ ರಿಜಿಸ್ಟರಲ್ಲಿ ಪೆನ್ಸಿಲಲ್ಲಿ ಬರ್ಕೊಂಡಿದಾರೆ, 'ದತ್ತುಪುತ್ರ' ಅಂತ. ಭಾನುವಾರ ಅಜ್ಜ ಕಾಗದ ತರ್ತಾರೆ, ಆಮೇಲೆ ಇಂಕಲ್ಲಿ ಬರೀತಾರಂತೆ."

ಹಜಾರದಲ್ಲಿ ಗಂಟೆ ಕೆಳಗೆ ಬಿತ್ತು. ವಿಶಾಲಾಕ್ಷಮ್ಮ ಎದ್ದು ಬಂದರು.

"ಅಳಿಯಂದ್ರೇ, ಅವರು ನಿಮ್ಮನ್ನ ಕೇಳಿದ್ರಾ, ಇಲ್ವಾ?"

"ಕಾಫಿ ಕುಡೀತಾ ಏನೋ ಕೇಳ್ತಿದ್ರು ಅತ್ತೆ."

"ನೀವೇನಂದ್ರಿ?"

"ಹಾಯ್ ಅಂದೆ."

"ಎಷ್ಟು ಸಲ?"

ಹರಿಹರ ಅರ್ಧ ಬಿಚ್ಚಿದ್ದ ಶೂವಿನ ಲೇಸನ್ನು ಮತ್ತೆ ಕಟ್ಟತೊಡಗಿದ.

"ಕಾಶ್ಯಪ ಗೋತ್ರ ಅಂತ ನೋಡಿ ಮಗಳನ್ನ ಕೊಟ್ಟಿದ್ದು," ಎಂದರು ವಿಶಾಲಾಕ್ಷಮ್ಮ. "ಈಗ ಇದ್ಯಾವ ಗೋತ್ರ, ಯಾವ ಸೂತ್ರ? ಸಂಕಲ್ಪದಲ್ಲಿ ಏನಂತ ಹೇಳ್ಕೊಳ್ಳೋದು? ನಮ್ಮ ಬೀಗರಿಗೆ ಗೊತ್ತಾದ್ರೆ ಮಗನ್ನ ಕಳ್ಕೊಂಡ್ವಿ ಅಂತ ಅಳ್ತಾರೋ, ಜಪಾನಲ್ಲಿ ಮನೆ ಬಂತು ಅಂತ ನಗ್ತಾರೋ?"

"ಹೋಗಿ ನಿಜ ಹೇಳಿ," ಎಂದಳು ಉಷಾ. "ನನಗೆ ಜಪಾನೀಸ್ ಬರಲ್ಲ, ತಪ್ಪು ಚೀಟಿ ತಗೊಂಡೆ ಅಂತ. ಬೇಕಾದ್ರೆ ನಾನೇ ಹೇಳ್ತೀನಿ."

"ಭಾನುವಾರ ಏಳು ಮನೆಯವರು ಬರ್ತಿದಾರೆ ಉಷಾ. ಅವರು ಹೋದ್ಮೇಲೆ ಹೇಳೋಣ."

"ಅಷ್ಟು ಹೊತ್ತಿಗೆ ನೀವು ಹರಿಹರ ನಿಶಿಮುರಾ ಆಗಿರ್ತೀರ."

ಹೀಗೆ ಒಬ್ಬ ಮನುಷ್ಯ ತನಗೆ ಓದಲು ಬರುವುದಿಲ್ಲ ಎಂದು ಒಪ್ಪಿಕೊಳ್ಳುವುದಕ್ಕಿಂತ ತಂದೆಯನ್ನೇ ಬದಲಾಯಿಸಿಕೊಳ್ಳುವುದು ಸುಲಭವೇ ಎಂದು ಎರಡು ರಾತ್ರಿ ಯೋಚಿಸಿದ. ಉತ್ತರ ಸಿಗುವ ಮೊದಲೇ ಭಾನುವಾರ ಬಂತು.

ಏಳು ಕುಟುಂಬದವರು ಬಿಸಿಬೇಳೆ ಬಾತ್ ತಿಂದು, ಲ್ಯಾಪ್‌ಟಾಪ್ ತೆರೆದು, ತಮ್ಮ ತಮ್ಮ ಚೀಟಿ ಹಿಡಿದು ಸಾಲಾಗಿ ಕೂತಿದ್ದರು. ಟೊಯೋಸುವಿನಿಂದ ಮಧುಕರ್ ಕೂಡ ಬಂದಿದ್ದ, ಆಂಪಿಯರ್ ಇಳಿಸುವುದಕ್ಕೆ. ಆಗ ಬಾಗಿಲು ತಟ್ಟಿದ ಸದ್ದಾಯಿತು. ಆಗಸ್ಟಿನ ಸೆಕೆಯಲ್ಲಿ ಕಪ್ಪು ಸೂಟು ಹಾಕಿದ ಅಜ್ಜ. ಕೈಯಲ್ಲಿ ಒಂದು ಲಕೋಟೆ, ಒಂದು ಚೀಲ, ಸಹಿಗೆ ಬದಲು ಒತ್ತುವ ಹೆಸರಿನ ಮುದ್ರೆಯ ಪುಟ್ಟ ಡಬ್ಬಿ. ಹಿಂದೆ ರಿಜಿಸ್ಟರಿನೊಡನೆ ಓಗಾತಾ ಸಾನ್, ಕಿವಿಯಲ್ಲಿ ಇಂಕಿನ ಪೆನ್ನು.

ಅಜ್ಜ ಮಂಡಿಯೂರಿ ಕೂತು, ಲಕೋಟೆಯಿಂದ ಕಾಗದ ತೆಗೆದು, ಎರಡೂ ಕೈಯಲ್ಲಿ ಹರಿಹರನಿಗೆ ಕೊಟ್ಟರು. ಕಾಗದದ ತುಂಬ ಇರುವೆ ಸಾಲಿನಂತೆ ಕಾಂಜಿ. ಕೊನೆಯಲ್ಲಿ ಸಹಿಗೆ ಎರಡು ಜಾಗ.

"ಏನ್ ಸರ್ ಅದು?" ಎಂದ ರಾಮಪ್ರಸಾದ. "ಓದಿ."

"ಒಂದ್ನಿಮಿಷ," ಎಂದ ಹರಿಹರ. "ಬಾತ್‌ರೂಮಿಗೆ ಹೋಗ್ಬರ್ತೀನಿ."

ಒಳಗೆ ಹೋಗಿ ಚಿಲಕ ಹಾಕಿ ಫೋನು ತೆಗೆದ. ಫೋನು ಸತ್ತಿತ್ತು. ಅದರ ಚಾರ್ಜಿಂಗು ರಾತ್ರಿ ಎಂಟಕ್ಕೆ ಎಂದು ಅವನೇ ಬರೆದಿದ್ದ. ಹರಿಹರ ಕಾಗದವನ್ನು ದೂರ ಹಿಡಿದು ನೋಡಿದ, ಹತ್ತಿರ ಹಿಡಿದು ನೋಡಿದ, ಕನ್ನಡಿಯಲ್ಲೂ ನೋಡಿದ. ಅಭ್ಯಾಸ ತಪ್ಪಿಸದೆ ಫ್ಲಶ್ ಮಾಡಿ ಹೊರಗೆ ಬಂದ.

"ಏನಂತೆ?"

"ತುಂಬ ಔಪಚಾರಿಕ ಭಾಷೆ."

"ಭಾಷೆ ಹಾಗಿರ್ಲಿ," ಎಂದರು ವಿಶಾಲಾಕ್ಷಮ್ಮ, "ದತ್ತು ಅಂತ ಇದೆಯೋ ಇಲ್ವೋ?"

ಹದಿನಾಲ್ಕು ಜನ ದೊಡ್ಡವರು, ಒಂಬತ್ತು ಮಕ್ಕಳು ಅವನನ್ನೇ ನೋಡುತ್ತಿದ್ದರು. ಅಜ್ಜ ಮುದ್ರೆಯ ಡಬ್ಬಿ ತೆರೆದು ಬಾಯಿಂದ ಊದಿ ಅಣಿಮಾಡಿಕೊಳ್ಳುತ್ತಿದ್ದರು. ಓಗಾತಾ ಸಾನ್ ಪೆನ್ನಿನ ಮುಚ್ಚಳ ತೆಗೆದ. ಹರಿಹರ ಅಜ್ಜನ ಮುಖ ನೋಡಿದ. ಈ ಮುಖಕ್ಕೆ ಇನ್ನೊಂದು ಸಲ ಸುಳ್ಳು ಹಾಯ್ ಹೇಳುವುದು ಅವನಿಂದಾಗಲಿಲ್ಲ.

"ನಂಗೆ ಓದೋಕೆ ಬರಲ್ಲ," ಎಂದ.

"ಈ ಕಾಗದಾನಾ?"

"ಯಾವ ಕಾಗದಾನೂ."

ಸಾಲಾಗಿ ಕೂತವರು ತಮ್ಮ ತಮ್ಮ ಚೀಟಿ ಕೆಳಗಿಟ್ಟರು. ಆಮೇಲೆ ರಾಮಪ್ರಸಾದನ ಹೆಂಡತಿ ಕೃಪಾ ಮೆಲ್ಲಗೆ ಕೇಳಿದಳು, "ಹಾಗಾದ್ರೆ ನಮ್ಮ ಪೆನ್ಷನ್ ಕಾಗದ ಓದಿದ್ದು ಯಾರು?"

"ಫೋನು."

"ನಮ್ಮ ಮಗುವಿನ ಇಂಜೆಕ್ಷನ್ ತಾರೀಖು?" ಎಂದ ಇನ್ನೊಬ್ಬ.

"ಅದೂ ಫೋನೇ."

"ಅದಕ್ಕೇ ಇರ್ಬೇಕು," ಎಂದ ಮಧುಕರ್ ಯೋಚಿಸುತ್ತ. "ಆ ಸಲ ನಮ್ಮ ಕೊಳಾಯಿ ರಿಪೇರಿ ನೋಟಿಸ್ ಓದಿ, 'ಗುರುವಾರ ನಿಮ್ಮ ಬಾಯಿ ಮುಚ್ಚಲಾಗುವುದು' ಅಂದ್ರಿ. ನಾನು ಗುರುವಾರ ಪೂರ್ತಿ ಯಾರ ಹತ್ರಾನೂ ಮಾತಾಡಿರ್ಲಿಲ್ಲ."

ಇಷ್ಟರಲ್ಲಿ ಅನು ಅಪ್ಪನ ಕೈಯಿಂದ ಕಾಗದ ಎಳೆದುಕೊಂಡು ಓದತೊಡಗಿದ್ದಳು. ಗೊತ್ತಿಲ್ಲದ ಅಕ್ಷರ ಬಂದಲ್ಲಿ ಅಜ್ಜ ಬೆರಳಿಟ್ಟು ಹೇಳಿಕೊಟ್ಟರು.

"ಅಪ್ಪಾ, ಇಟ್ಸ್ ಅಬೌಟ್ ಡೆಂಕಿ. ಕರೆಂಟು. ಓಜೀಸಾನ್‌ದು ಟ್ವೆಂಟಿ ಆಂಪಿಯರ್ ಆಗಿದೆ, ವಾಪಸ್ ಫಾರ್ಟಿ ಬೇಕಂತೆ. ಆಮೇಲೆ ಬಿಲ್ ಅವ್ರೇ ಕಟ್ತಾರಂತೆ. ನೀನು ಸೈನ್ ಮಾಡ್ಬೇಕು, ಯಾಕಂದ್ರೆ ಫೋನಲ್ಲಿ ಹಾಯ್ ಅಂದಿದ್ದು ನೀನು."

"ದತ್ತು?" ಎಂದರು ವಿಶಾಲಾಕ್ಷಮ್ಮ.

ಉಷಾ ಜಪಾನೀಸಿನಲ್ಲಿ ಕೇಳಿದಳು. ಅಜ್ಜ ಅರ್ಥವಾಗದೆ ಓಗಾತಾ ಸಾನ್ ಕಡೆ ನೋಡಿದರು. ಓಗಾತಾ ಸಾನ್ ಕಿವಿಯವರೆಗೆ ಕೆಂಪಾದ. ಅದು ಪೂರ್ತಿ ಅವನದೇ ಊಹೆ. ಜೇಬಿನಿಂದ ರಬ್ಬರು ತೆಗೆದು, ರಿಜಿಸ್ಟರಿನ ಪೆನ್ಸಿಲ್ ಗುರುತನ್ನು ಅಳಿಸಿ, ಪುಡಿಯನ್ನು ಅಂಗೈಗೆ ಹಾಕಿಕೊಂಡು, ರಬ್ಬರಿಗೂ ಸೇರಿಸಿ ಎಲ್ಲರಿಗೂ ಬಗ್ಗಿದ. ವಿಶಾಲಾಕ್ಷಮ್ಮ ಕಶ್ಯಪ ಮಹರ್ಷಿಗೆ ಕೈಮುಗಿದರು.

ಅಜ್ಜ ಲಕೋಟೆಯಿಂದ ಜುಲೈ ತಿಂಗಳ ಮೂರು ಸಾವಿರದ ಒಂಬೈನೂರು ಯೆನ್ ತೆಗೆದು ಹರಿಹರನ ಮುಂದಿಟ್ಟರು. ಚೀಲವನ್ನು ವಿಶಾಲಾಕ್ಷಮ್ಮನ ಮುಂದಿಟ್ಟರು. ಅಕ್ಕಿ. ಕಂಪನಿ ಅಜ್ಜನ ಮನೆಗೆ ಕಳಿಸಿದ್ದ ಐದು ಕೇಜಿಯಲ್ಲಿ ಸರಿಯಾಗಿ ಅರ್ಧ, ತೂಗಿ ಕಟ್ಟಿದ್ದು.

"ಬಂತಲ್ಲ," ಎಂದರು ವಿಶಾಲಾಕ್ಷಮ್ಮ.

"ನಿಮಗೆ ಇದು ಯಾವಾಗ ಗೊತ್ತಾಯ್ತು?" ಎಂದು ಉಷಾ ಕೇಳಿದಳು.

ಅಜ್ಜ ಹೇಳಿದ್ದನ್ನು ಅನು ಕನ್ನಡಕ್ಕೆ ತಂದಳು. "ಫಸ್ಟ್ ಡೇನೇ ಅಂತೆ. ಬ್ರೇಕರ್ ಅಂಕಲ್ ಬಂದಾಗ. ಆಮೇಲೆ ಡೋರ್ ಮೇಲೆ ನೇಮ್ ನೋಡಿ ಶ್ಯೂರ್ ಆಯ್ತಂತೆ."

"ಮತ್ತೆ ಒಂದು ತಿಂಗಳು ಯಾಕೆ ಹೇಳ್ಲಿಲ್ಲ?"

ಉಷಾ ಈ ಪ್ರಶ್ನೆ ಕೇಳಿದಾಗ ಅಜ್ಜ ಸೂಟಿನ ಗುಂಡಿ ಸರಿಮಾಡಿಕೊಂಡರು. ಆಮೇಲೆ ಅಡುಗೆಮನೆಯ ಕಡೆ ತೋರಿಸಿ, ಒಂದು ಕಾಫಿ ಸಿಗಬಹುದೇ ಎಂದರು. ಈಗ ಹೇಳುತ್ತಿರುವುದಕ್ಕೆ ಕಾರಣವೊಂದನ್ನು ಮಾತ್ರ ತಾವಾಗಿಯೇ ಕೊಟ್ಟರು. ಶಾಲೆ ಹುಡುಗರ ಬೇಸ್‌ಬಾಲ್ ಪಂದ್ಯ ಶುರುವಾಗಿದೆ, ಟಿ.ವಿ.ಯ ಜೊತೆ ಎ.ಸಿ. ಹಾಕಿ ಮಧ್ಯಾಹ್ನ ಅನ್ನಕ್ಕಿಟ್ಟರೆ ಇಪ್ಪತ್ತು ಆಂಪಿಯರ್ ಸಾಲುವುದಿಲ್ಲ.

ಹರಿಹರ ಒಂದು ಜಾಗದಲ್ಲಿ ಸಹಿ ಹಾಕಿದ, ತನ್ನ ಹೆಸರಿನಲ್ಲಿ, ಕನ್ನಡದಲ್ಲಿ. ಇನ್ನೊಂದರಲ್ಲಿ ಅಜ್ಜ ಮುದ್ರೆ ಒತ್ತಿದರು. ಫಲಕ ಕಿತ್ತು ಅಜ್ಜನಿಗೇ ಕೊಟ್ಟ. ಅಜ್ಜ ಅಕ್ಷರ ಚೆನ್ನಾಗಿದೆ ಎಂದು ತಮ್ಮ ಬಾಗಿಲಿಗೆ ಅಂಟಿಸಿಕೊಂಡು, ಬೆರಳು ಮಾಡಿ ತೋರಿಸಿ "ಸರಿಯಿದೆ" ಎಂದರು. ಏಳು ಕುಟುಂಬದವರು ಅರ್ಜಿ ಹಾಕದೆ ಹೊರಟರು. ಹೊರಡುವಾಗ ಕೃಪಾ ತಮ್ಮ ಮನೆಗೆ ಬಂದಿದ್ದ ವಾರ್ಡ್ ಆಫೀಸಿನ ಕಾಗದವೊಂದನ್ನು ಅನುವಿನ ಕೈಗಿಟ್ಟಳು. ಅನು ಅದನ್ನು ಎಲ್ಲರೆದುರೇ ಓದಿದಳು.

ಬುಧವಾರ ಸಮವಸ್ತ್ರದವನು ಬಂದು ಅಜ್ಜನ ಮನೆಗೆ ನಲವತ್ತು ಆಂಪಿಯರಿನ ಬ್ರೇಕರ್ ಹಾಕಿಹೋದ.

ಗುರುವಾರ ಬೆಳಿಗ್ಗೆ ಹರಿಹರ ಕಾರಣವಿಲ್ಲದೆ ಆರೂವರೆಗೇ ಎದ್ದು ಹಜಾರದಲ್ಲಿ ನಿಂತಿದ್ದ. ಮನೆಯಲ್ಲಿ ಕುಕ್ಕರು, ಮೈಕ್ರೋವೇವು, ಗ್ರೈಂಡರು ಎಲ್ಲ ಒಟ್ಟಿಗೆ ಗುಂಯ್ಗುಡುತ್ತಿದ್ದವು. ಗಂಟೆ ದೇವರ ಮನೆಗೆ ಮರಳಿತ್ತು. ಗಡಿಯಾರ ಆರು ನಲವತ್ತು ತೋರಿಸಿತು.

ಗೋಡೆಯ ಆಚೆ ಠಕ್ ಎಂದಿತು.

"ಆರೆ?"

ಹರಿಹರ ಮನಸ್ಸಿನಲ್ಲೇ ಕೂಡಿದ. ಕುಕ್ಕರು ಹನ್ನೆರಡು, ಮೈಕ್ರೋವೇವ್ ಹದಿಮೂರು, ಒಟ್ಟು ಇಪ್ಪತ್ತೈದು. ನಲವತ್ತಕ್ಕೆ ಇನ್ನೂ ಹದಿನೈದು ಉಳಿಯಬೇಕು. ಮೊದಲ ಸಲ ಅವನ ಲೆಕ್ಕ ಸರಿಯಾಗಿತ್ತು. ಹಿಂದೆ ತಿರುಗಿ ನೋಡಿದ. ವಿಶಾಲಾಕ್ಷಮ್ಮ ಆಗಲೇ ಐದನೇ ಲೋಟಕ್ಕೆ ಕಾಫಿ ಬಗ್ಗಿಸುತ್ತಿದ್ದರು.

ಪಕ್ಕದ ಬಾಗಿಲು ತೆರೆದಿತ್ತು. ಅಜ್ಜ ಬಲಭುಜ ಹಿಡಿದುಕೊಂಡು ಬ್ರೇಕರಿನ ಪೆಟ್ಟಿಗೆಯ ಕೆಳಗೆ ನಿಂತಿದ್ದರು. ಅವರ ಹಿಂದೆ ಗೋಡೆಗೆ ಪೆಟ್ಟಿಗೆಗೆ ಎಟುಕುವಷ್ಟು ಉದ್ದನೆಯ, ಕೊಕ್ಕೆ ಹಿಡಿಯ ಛತ್ರಿಯೊಂದು ಒರಗಿತ್ತು. ಇಚಿಕಾವಾದಲ್ಲಿ ಮಳೆ ಬಂದು ಹತ್ತು ದಿನವಾಗಿತ್ತು.

ಹರಿಹರ ಛತ್ರಿಯನ್ನು ನೋಡಿದ, ಅಜ್ಜನನ್ನು ನೋಡಿದ. ಒಂದು ಬೆರಳಲ್ಲಿ ಬ್ರೇಕರನ್ನು ಮೇಲಕ್ಕೆ ತಳ್ಳಿದ. ದೀಪ ಬಂತು.

ಅಜ್ಜ ಮೂರು ಸಲ ಬಗ್ಗಿ ಏನೋ ಕೇಳಿದರು. ಹರಿಹರನಿಗೆ ಒಂದಕ್ಷರವೂ ತಿಳಿಯಲಿಲ್ಲ.

"ಹಾಯ್," ಎಂದ. "ಇವತ್ತು ದೋಸೆ."